ನರವಿಜ್ಞಾನ ಓದೋದು ಹೇಗೆ? ಮೈಸೂರು–ಮಂಡ್ಯದ ಡಿಗ್ರಿ ಕಾಲೇಜಿನಿಂದ ಪಿಎಚ್‌ಡಿವರೆಗೆ

ಪಿಯುಸಿ ಫಲಿತಾಂಶ ಬಂದ ಮೇಲೆ ಡಿಗ್ರಿ ಕಾಲೇಜಿಗೆ ವಿಚಾರಿಸಲು ಬರುವ ಅಪ್ಪ ಅಮ್ಮಂದಿರ ಬಾಯಲ್ಲಿ ಈಗೀಗ ಒಂದು ಹೊಸ ಪ್ರಶ್ನೆ ಇರುತ್ತದೆ. "ಸಾರ್, ನಮ್ ಹುಡುಗಿ ನ್ಯೂರೋಸೈನ್ಸ್ ಓದ್ಬೇಕು ಅಂತಾಳೆ. ಅದು ಎಲ್ಲಿದೆ? ಡಾಕ್ಟ್ರು ಆಗೋದಾ ಅದು?"

ನ್ಯೂರೋಸೈನ್ಸ್ ಅಂದರೆ ನರವಿಜ್ಞಾನ, ಮಿದುಳು ಮತ್ತು ನರಗಳನ್ನು ಓದುವ ವಿಜ್ಞಾನ. ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿ ಮೊದಲ ಸಲ ಒಬ್ಬ ಮನುಷ್ಯನ ಮಿದುಳಿಗೆ ಚಿಪ್ ಕೂರಿಸಿತು. ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಇಲ್ಲದ ಆತ ಬರೀ ಯೋಚನೆಯಿಂದ ಕಂಪ್ಯೂಟರಿನ ಕರ್ಸರ್ ಆಡಿಸಿದ್ದನ್ನು ಮಕ್ಕಳು ಮೊಬೈಲಿನಲ್ಲಿ ನೋಡಿದ್ದಾರೆ. ಅದೇ ವರ್ಷ ಭೌತಶಾಸ್ತ್ರದ ನೊಬೆಲ್ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ ಬಂತು. ನರಕೋಶಗಳ ಜಾಲವನ್ನು ನೋಡಿ ಹುಟ್ಟಿದ ಲೆಕ್ಕಾಚಾರವೇ ಇವತ್ತಿನ ಎಐಗೆ ಬುನಾದಿ ಅಂತ ಸುದ್ದಿಯಾಯಿತು. ಇನ್ನೊಂದು ಕಡೆ, ಮರೆವಿನ ಕಾಯಿಲೆ ಬಂದ ಅಜ್ಜಿಯೋ ಪಾರ್ಶ್ವವಾಯು ಹೊಡೆದ ದೊಡ್ಡಪ್ಪನೋ ಇರುವ ಮನೆಗಳು ಕಡಿಮೆ ಏನಿಲ್ಲ. ಅಲ್ಲಿ ಬೆಳೆದ ಮಕ್ಕಳಿಗೆ ಮಿದುಳಿನ ಬಗ್ಗೆ ಕುತೂಹಲ ಬರೋದು ಸಹಜ ಅಲ್ವಾ.

ಆದರೆ ಕಾಲೇಜುಗಳ ಪ್ರಾಸ್ಪೆಕ್ಟಸ್ ತೆಗೆದರೆ "ಬಿಎಸ್ಸಿ ನ್ಯೂರೋಸೈನ್ಸ್" ಅನ್ನುವ ಸಾಲು ನಮ್ಮ ಕಡೆ ಸಾಮಾನ್ಯವಾಗಿ ಕಾಣುವುದಿಲ್ಲ. ಕಾಣಲಿಲ್ಲ ಅಂತ ಬೇಜಾರಾಗುವ ಅಗತ್ಯವಿಲ್ಲ. ಈ ವಿಷಯಕ್ಕೆ ಬರುವವರಲ್ಲಿ ಹೆಚ್ಚಿನವರು ಬೇರೆ ಹೆಸರಿನ ಡಿಗ್ರಿ ಮುಗಿಸಿಯೇ ಬರುತ್ತಾರೆ. ಯಾವ ಡಿಗ್ರಿ, ಯಾವ ಪರೀಕ್ಷೆ, ಎಷ್ಟು ವರ್ಷ, ದುಡ್ಡು ಯಾರು ಕೊಡುತ್ತಾರೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

## ನರವಿಜ್ಞಾನದಲ್ಲಿ ಏನನ್ನು ಓದುತ್ತಾರೆ?

ದೊಡ್ಡವರ ಮಿದುಳು ಸುಮಾರು 1.4 ಕಿಲೋ ತೂಗುತ್ತದೆ. ದೇಹದ ತೂಕದಲ್ಲಿ ಅದು ಶೇಕಡ 2ರಷ್ಟು ಮಾತ್ರ. ಆದರೂ ದೇಹ ಸುಮ್ಮನೆ ಕೂತಾಗ ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದು ಪಾಲು ಅದಕ್ಕೇ ಬೇಕು. ಅದರೊಳಗೆ ಸುಮಾರು 8,600 ಕೋಟಿ ನರಕೋಶಗಳಿವೆ. ನರಕೋಶ ಅಂದರೆ ಸುದ್ದಿ ಸಾಗಿಸುವುದಕ್ಕೇ ಇರುವ ಒಂದು ಜೀವಕೋಶ. ಸುದ್ದಿ ತೆಗೆದುಕೊಳ್ಳಲು ಅದಕ್ಕೆ ಕವಲುಗಳಿರುತ್ತವೆ. ಮುಂದಕ್ಕೆ ಕಳಿಸಲು ಒಂದು ಉದ್ದನೆಯ ಎಳೆ ಇರುತ್ತದೆ, ಅದರ ಹೆಸರು ಆಕ್ಸಾನ್. ಬೆನ್ನಿನ ಕೆಳಭಾಗದಿಂದ ಕಾಲ್ಬೆರಳವರೆಗೆ ಹೋಗುವ ಆಕ್ಸಾನ್ ಒಂದು ಮೀಟರ್‌ವರೆಗೂ ಉದ್ದ ಇರುತ್ತದೆ.

ಸುದ್ದಿ ಹೋಗುವುದು ವಿದ್ಯುತ್ತಿನ ರೂಪದಲ್ಲಿ. ನರಕೋಶ ಸುಮ್ಮನಿದ್ದಾಗ ಅದರ ಒಳಗಿನ ವೋಲ್ಟೇಜು ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಕೋಶದ ಗೋಡೆಯಲ್ಲಿ ತೀರಾ ಸಣ್ಣ ಬಾಗಿಲುಗಳಿವೆ, ಅಯಾನ್ ಚಾನೆಲ್ ಅಂತಾರೆ. ಅವು ತೆರೆದಾಗ ಸೋಡಿಯಂ ಒಳಗೆ ನುಗ್ಗುತ್ತದೆ, ವೋಲ್ಟೇಜು ಒಂದು ಮಿಲಿಸೆಕೆಂಡಿನಷ್ಟು ಹೊತ್ತು ತಲೆಕೆಳಗಾಗುತ್ತದೆ, ಆ ಅಲೆ ಆಕ್ಸಾನಿನ ಉದ್ದಕ್ಕೂ ಓಡುತ್ತದೆ. ತುದಿಯಲ್ಲಿ ಮುಂದಿನ ಕೋಶಕ್ಕೂ ಇದಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು. ಆ ಜಾಗಕ್ಕೆ ಸಿನಾಪ್ಸ್ ಅಂತ ಹೆಸರು. ಅಲ್ಲಿ ರಾಸಾಯನಿಕ ಸುರಿದು ಸುದ್ದಿ ದಾಟಿಸುತ್ತದೆ. ಡೋಪಮೈನ್ ಅಂತ ಕೇಳಿರುತ್ತೀರಿ, ಅದು ಇಂಥ ರಾಸಾಯನಿಕಗಳಲ್ಲಿ ಒಂದು. ಮಿದುಳಿನ ಒಂದು ಚಿಕ್ಕ ಭಾಗದಲ್ಲಿ ಡೋಪಮೈನ್ ಮಾಡುವ ಕೋಶಗಳು ಸಾಯುತ್ತಾ ಬಂದರೆ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ, ಕೈ ನಡುಗುತ್ತದೆ.

ಇಷ್ಟು ಗೊತ್ತಾದ ಮೇಲೆ, ಇದನ್ನು ಓದುವವರು ಯಾಕೆ ಬೇರೆ ಬೇರೆ ಡಿಗ್ರಿಯಿಂದ ಬರುತ್ತಾರೆ ಅನ್ನುವುದನ್ನು ಮಂಡ್ಯದ ವಿಸಿ (ವಿಶ್ವೇಶ್ವರಯ್ಯ) ನಾಲೆಯ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಕೆಆರ್‌ಎಸ್‌ನಿಂದ ನೀರು ಬಿಟ್ಟರು, ಮಳವಳ್ಳಿಯ ಕೊನೇ ಭಾಗದ ಗದ್ದೆಗೆ ಬರಲಿಲ್ಲ ಅಂದುಕೊಳ್ಳಿ. ಕಾರಣ ಹುಡುಕಲು ಒಬ್ಬರು ಒಂದೇ ಒಂದು ತೂಬಿನ ಗೇಟು ಬಿಚ್ಚಿ ನೋಡುತ್ತಾರೆ. ಇನ್ನೊಬ್ಬರು ಒಂದು ಉಪನಾಲೆಯ ಏರಿ ಮೇಲೆ ಉದ್ದಕ್ಕೂ ನಡೆದು ಎಲ್ಲಿ ಸೋರುತ್ತಿದೆ ಅಂತ ನೋಡುತ್ತಾರೆ. ಮತ್ತೊಬ್ಬರು ಇಡೀ ನಾಲೆಯ ನಕ್ಷೆ ಹರಡಿಕೊಂಡು ಎಲ್ಲಿಗೆ ಎಷ್ಟು ಕ್ಯೂಸೆಕ್ ಹೋಗಬೇಕಿತ್ತು, ಎಷ್ಟು ಹೋಗುತ್ತಿದೆ ಅಂತ ಲೆಕ್ಕ ಹಾಕುತ್ತಾರೆ. ಇನ್ನೂ ಒಬ್ಬರು ಗದ್ದೆ ಬದುವಿನಲ್ಲಿ ನಿಂತು ಪೈರನ್ನು ನೋಡುತ್ತಾರೆ, ನೀರಗಂಟಿಯನ್ನು ಮಾತಾಡಿಸುತ್ತಾರೆ. ನಾಲ್ಕೂ ಜನ ಹುಡುಕುತ್ತಿರುವುದು ಒಂದೇ ಪ್ರಶ್ನೆಗೆ ಉತ್ತರ.

ನರವಿಜ್ಞಾನದಲ್ಲಿ ಗೇಟು ಬಿಚ್ಚಿ ನೋಡುವವರು ಅಯಾನ್ ಚಾನೆಲ್, ಜೀನ್, ಪ್ರೋಟೀನ್ ಓದುವವರು. ಅವರು ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ, ಜೆನೆಟಿಕ್ಸ್ ಕಡೆಯಿಂದ ಬರುತ್ತಾರೆ. ಕೋಶಗಳ ಸಾಲನ್ನು ಹಿಂಬಾಲಿಸುವವರಲ್ಲಿ ಪ್ರಾಣಿಶಾಸ್ತ್ರ, ಶರೀರಶಾಸ್ತ್ರ ಓದಿದವರು ಜಾಸ್ತಿ. ಇಡೀ ಜಾಲದ ಲೆಕ್ಕ ಹಾಕುವವರು ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್ ಓದಿರುತ್ತಾರೆ. ನಡವಳಿಕೆ, ನೆನಪು, ಭಾಷೆ, ಗಮನ ಇವನ್ನು ಓದುವವರು ಮನಶ್ಶಾಸ್ತ್ರ ಅಥವಾ ಭಾಷಾಶಾಸ್ತ್ರದಿಂದ ಬರಬಹುದು. ಆದ್ದರಿಂದ ಯಾವ ಡಿಗ್ರಿ ಅಂತ ಕೇಳುವ ಮುಂಚೆ ನಿಮ್ಮ ಕುತೂಹಲ ಈ ನಾಲ್ಕರಲ್ಲಿ ಎಲ್ಲಿದೆ ಅಂತ ಸ್ವಲ್ಪ ಯೋಚಿಸಿ ನೋಡಿ. ಹದಿನೆಂಟನೇ ವಯಸ್ಸಿಗೆ ಪೂರ್ತಿ ಗೊತ್ತಾಗಬೇಕು ಅಂತಿಲ್ಲ, ಅಂದಾಜು ಸಾಕು.

## ನರರೋಗದ ಡಾಕ್ಟರ್ ಬೇರೆ, ನರವಿಜ್ಞಾನಿ ಬೇರೆ

ಹೆಚ್ಚು ಗೊಂದಲ ಆಗುವುದು ಇಲ್ಲೇ. ರೋಗಿಗಳನ್ನು ನೋಡುವ ನ್ಯೂರಾಲಜಿಸ್ಟ್ ಆಗಬೇಕಾದರೆ ನೀಟ್ ಬರೆದು ಎಂಬಿಬಿಎಸ್ ಮಾಡಬೇಕು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಮೂರು ವರ್ಷ ಎಂಡಿ, ಮತ್ತೆ ಮೂರು ವರ್ಷ ನರರೋಗದಲ್ಲೇ ಡಿಎಂ ಅನ್ನುವ ಪದವಿ. ಶಸ್ತ್ರಚಿಕಿತ್ಸೆ ಮಾಡುವವರದು ಎಂಸಿಎಚ್. ಬಿಎಸ್ಸಿ ಮಾಡಿ ನರವಿಜ್ಞಾನದಲ್ಲಿ ಪಿಎಚ್‌ಡಿ ಪಡೆದವರಿಗೂ ಹೆಸರಿನ ಹಿಂದೆ "ಡಾ." ಬರುತ್ತದೆ, ಆದರೆ ಅವರು ಔಷಧಿ ಬರೆದುಕೊಡುವಂತಿಲ್ಲ. ಕಾಯಿಲೆ ಯಾಕೆ ಬರುತ್ತದೆ, ಮಿದುಳು ಹೇಗೆ ಕೆಲಸ ಮಾಡುತ್ತದೆ ಅಂತ ಹುಡುಕುವುದು ಅವರ ಕೆಲಸ. ಎಂಬಿಬಿಎಸ್ ಮಾಡಿ ಸಂಶೋಧನೆಗೆ ಬರುವವರೂ ಇದ್ದಾರೆ. ಮೈಸೂರು ಮೆಡಿಕಲ್ ಕಾಲೇಜಿನಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಓದುತ್ತಿರುವವರಿಗೆ ಆ ಬಾಗಿಲು ಯಾವಾಗಲೂ ತೆರೆದಿದೆ.

ನೀಟ್‌ನಲ್ಲಿ ಸೀಟು ಸಿಗಲಿಲ್ಲ ಅಂತ ಇದಕ್ಕೆ ಬರುವುದು ತಪ್ಪಲ್ಲ. ಆದರೆ ಇದು ವೈದ್ಯಕೀಯಕ್ಕೆ ಹಿಂಬಾಗಿಲು ಅಂತ ತಿಳಿದು ಬಂದರೆ ಎರಡನೇ ವರ್ಷಕ್ಕೇ ನಿರಾಸೆ ಆಗುತ್ತದೆ. ಮನೆಯವರೂ ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

## ಡಿಗ್ರಿಯಲ್ಲಿ ಏನು ತೆಗೆದುಕೊಳ್ಳುವುದು?

ಪಿಸಿಎಂಬಿ ಓದಿದವರಿಗೆ ಬಹುತೇಕ ಎಲ್ಲ ದಾರಿಯೂ ಇದೆ. ಮೈಸೂರಿನ ಯುವರಾಜ ಕಾಲೇಜು, ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿನಂಥ ಕಡೆ ಬಿಎಸ್ಸಿಯಲ್ಲಿ ಜೀವವಿಜ್ಞಾನದ ವಿಷಯಗಳು ಸಿಗುತ್ತವೆ. ಪ್ರಾಣಿಶಾಸ್ತ್ರ, ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ, ಜೆನೆಟಿಕ್ಸ್, ಇವುಗಳಲ್ಲಿ ಯಾವುದಾದರೂ ಸರಿ. ಜೀವಶಾಸ್ತ್ರವೇ ಬೇಡ ಅನ್ನುವವರು ಭೌತಶಾಸ್ತ್ರ–ಗಣಿತ–ಕಂಪ್ಯೂಟರ್ ತೆಗೆದುಕೊಂಡರೂ ಬಾಗಿಲು ಮುಚ್ಚುವುದಿಲ್ಲ. ಈ ಮಾತನ್ನು ಎಷ್ಟೋ ಜನ ನಂಬುವುದಿಲ್ಲ. ಹಾಪ್‌ಫೀಲ್ಡ್ ಭೌತಶಾಸ್ತ್ರದವರು. ಹಿಂಟನ್ ಕೇಂಬ್ರಿಜ್‌ನಲ್ಲಿ ಓದಿದ್ದು ಪ್ರಾಯೋಗಿಕ ಮನಶ್ಶಾಸ್ತ್ರ. ನೆನಪು ಕೂರುವಾಗ ಸಿನಾಪ್ಸ್‌ಗಳಲ್ಲಿ ಏನು ಬದಲಾಗುತ್ತದೆ ಅಂತ ಒಂದು ಸಮುದ್ರದ ಬಸವನಹುಳುವಿನಲ್ಲಿ ಕಂಡುಹಿಡಿದು 2000ದಲ್ಲಿ ನೊಬೆಲ್ ಪಡೆದ ಎರಿಕ್ ಕ್ಯಾಂಡೆಲ್, ಡಿಗ್ರಿಯಲ್ಲಿ ಓದಿದ್ದು ಇತಿಹಾಸ ಮತ್ತು ಸಾಹಿತ್ಯ. ಮೆಡಿಕಲ್ ಸೇರಿದ್ದು ಆಮೇಲೆ.

ಮನಶ್ಶಾಸ್ತ್ರದ ವಿಷಯಕ್ಕೆ ಬಂದರೆ ಮೈಸೂರಿಗೆ ಹಳೆಯ ಹೆಸರಿದೆ. ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು, ದೇಶದ ಮೊಟ್ಟಮೊದಲ ಕೆಲವು ವಿಭಾಗಗಳಲ್ಲಿ ಅದೂ ಒಂದು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ "ಆಕಾಶವಾಣಿ" ಶುರು ಮಾಡಿದವರೂ ಅವರೇ. ಬಿಎ ಅಥವಾ ಬಿಎಸ್ಸಿಯಲ್ಲಿ ಮನಶ್ಶಾಸ್ತ್ರ ಓದಿದವರು ನೆನಪು, ಗಮನ, ನಿರ್ಧಾರ ಇಂಥ ವಿಷಯಗಳಲ್ಲಿ ಮುಂದುವರಿಯಬಹುದು. ಅಂಕಿಅಂಶಗಳ ವಿಷಯವನ್ನು ಮಾತ್ರ ಅವರು ಬಿಡಬಾರದು.

ಮೈಸೂರು ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿಯಲ್ಲೇ ಇರುವ ಆಯಿಷ್, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ನಮ್ಮ ಊರಿನವರೇ ಮರೆಯುತ್ತಾರೆ. ಮಾತು, ಕೇಳುವಿಕೆ, ನುಂಗುವಿಕೆ ಎಲ್ಲವೂ ಮಿದುಳಿನ ಕೆಲಸ ತಾನೇ. ಅಲ್ಲಿನ ಬಿಎಎಸ್‌ಎಲ್‌ಪಿ (ಮಾತು ಮತ್ತು ಶ್ರವಣದ ತೊಂದರೆಗಳ ಬಗ್ಗೆ ಇರುವ ಡಿಗ್ರಿ) ಕೋರ್ಸಿಗೆ ಪಿಯುಸಿ ವಿಜ್ಞಾನ ಮುಗಿಸಿ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ಮುಗಿದರೆ ವೃತ್ತಿಯೂ ಕೈಯಲ್ಲಿರುತ್ತದೆ, ಎಂಎಸ್ಸಿ ಪಿಎಚ್‌ಡಿಗೂ ದಾರಿ ಇರುತ್ತದೆ. ಮನೆಯಲ್ಲಿ ಬೇಗ ಸಂಪಾದನೆ ಬೇಕಿರುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ.

ನಮ್ಮ ಊರಿನ ಇನ್ನೊಂದು ಆಸ್ತಿ ನೊಣ. ಬಾಳೆಹಣ್ಣು ಕೊಳೆತರೆ ಸುತ್ತ ಹಾರುವ ಸಣ್ಣ ಕೆಂಪುಕಣ್ಣಿನ ಡ್ರೊಸೊಫಿಲಾ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ರವೆ, ಬೆಲ್ಲ, ಅಗರ್ ಹಾಕಿ ಕುದಿಸಿದ ಆಹಾರದ ಬಾಟಲಿಗಳಲ್ಲಿ ಬಗೆಬಗೆಯ ನೊಣಗಳನ್ನು ಅಲ್ಲಿ ಸಾಕುತ್ತಾರೆ. ನೊಣಕ್ಕೂ ಮಿದುಳಿಗೂ ಏನು ಸಂಬಂಧ ಅಂತ ಕೇಳಬೇಡಿ. ಮೊಟ್ಟೆಯಿಂದ ನೊಣ ಆಗಲು ಹತ್ತು ದಿನ ಸಾಕು. ಒಂದು ಜೀನ್ ಕೆಡಿಸಿದರೆ ನಡವಳಿಕೆ ಹೇಗೆ ಬದಲಾಗುತ್ತದೆ ಅಂತ ಬೇಗ ತಿಳಿಯುತ್ತದೆ. 2024ರಲ್ಲಿ ವಿಜ್ಞಾನಿಗಳು ಒಂದು ಹೆಣ್ಣು ನೊಣದ ಮಿದುಳಿನ ಸುಮಾರು 1,40,000 ನರಕೋಶಗಳ ಪೂರ್ತಿ ಸಂಪರ್ಕ ನಕ್ಷೆ ಪ್ರಕಟಿಸಿದರು. ನಡೆಯುವ, ಹಾರುವ, ಕಲಿಯುವ ಪ್ರಾಣಿಯೊಂದರ ಬೆಳೆದ ಮಿದುಳಿನಲ್ಲಿ ಯಾವ ತಂತು ಎಲ್ಲಿಗೆ ಹೋಗುತ್ತದೆ ಅಂತ ಪೂರ್ತಿಯಾಗಿ ಕಾಣಿಸಿದ ದೊಡ್ಡ ಕೆಲಸ ಅದು. ಬೆಂಗಳೂರಿನಲ್ಲಿ ಜೀವವಿಜ್ಞಾನದ ರಾಷ್ಟ್ರೀಯ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ ಅವರೂ ವಾಸನೆ, ರುಚಿ ಹೇಗೆ ಗೊತ್ತಾಗುತ್ತದೆ ಅಂತ ಓದಿದ್ದು ಈ ನೊಣದಲ್ಲೇ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುವ ವಿದ್ಯಾರ್ಥಿ ನೊಣ ಸಾಕುವುದನ್ನು, ಗಂಡು ಹೆಣ್ಣು ಬೇರೆ ಮಾಡುವುದನ್ನು, ಕ್ರಾಸ್ ಹಾಕುವುದನ್ನು ಚೆನ್ನಾಗಿ ಕಲಿತುಕೊಂಡರೆ ಮುಂದೆ ಎಷ್ಟೋ ನರವಿಜ್ಞಾನ ಲ್ಯಾಬ್‌ಗಳಲ್ಲಿ ಅದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಡಿಗ್ರಿ ಎಷ್ಟು ವರ್ಷದ್ದು ಅನ್ನುವ ಗೊಂದಲವೂ ಇದೆ. ಕರ್ನಾಟಕದಲ್ಲಿ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು. 2024–25ರಿಂದ ಮತ್ತೆ ಮೂರು ವರ್ಷಕ್ಕೆ ಬಂದೆವು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇಕಡ 75 ತೆಗೆದವರು ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಮೂರು ವರ್ಷದವರಿಗೆ ಸ್ನಾತಕೋತ್ತರ ಪದವಿ ಬೇಕು, ಅಥವಾ ಸ್ನಾತಕೋತ್ತರವೂ ಪಿಎಚ್‌ಡಿಯೂ ಒಟ್ಟಿಗೆ ಇರುವ ಇಂಟಿಗ್ರೇಟೆಡ್ ಪಿಎಚ್‌ಡಿ ಸೇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಐಐಎಸ್ಸಿಯಲ್ಲಿ ನಾಲ್ಕು ವರ್ಷದ ಬಿಎಸ್ ರಿಸರ್ಚ್ ಇದೆ, ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳಲ್ಲಿ ಐದು ವರ್ಷದ ಬಿಎಸ್–ಎಂಎಸ್ ಇದೆ. ಅವಕ್ಕೆ ಪಿಯುಸಿ ಹಂತದಲ್ಲೇ ಬೇರೆ ಪ್ರವೇಶ ಪರೀಕ್ಷೆ. ಅಲ್ಲಿ ಸಿಗಲಿಲ್ಲ ಅಂತ ದಾರಿ ತಪ್ಪುವುದಿಲ್ಲ, ಮೂರು ವರ್ಷದ ಬಿಎಸ್ಸಿ ಮೇಲೆ ಎಂಎಸ್ಸಿ ಮಾಡಿದವರು ದೇಶದ ಎಲ್ಲ ಒಳ್ಳೆಯ ಲ್ಯಾಬ್‌ಗಳಲ್ಲೂ ಇದ್ದಾರೆ.

ಡಿಗ್ರಿ ಹೆಸರಿಗಿಂತ ಆ ಮೂರು ವರ್ಷದಲ್ಲಿ ಕೈಗೆ ಏನು ಬಂತು ಅನ್ನುವುದೇ ಮುಖ್ಯ ಅಂತ ನನಗನ್ನಿಸುತ್ತದೆ. ಜೀವಶಾಸ್ತ್ರದವರು ಅಂಕಿಅಂಶ ಮತ್ತು ಒಂದಿಷ್ಟು ಪೈಥಾನ್ ಪ್ರೋಗ್ರಾಮಿಂಗ್ ಕಲಿಯಲೇಬೇಕು, ಯಾಕೆಂದರೆ ಇವತ್ತು ಒಂದು ಪ್ರಯೋಗ ಮುಗಿಯುವಷ್ಟರಲ್ಲಿ ಕೈಯಲ್ಲಿ ಎಣಿಸಲಾಗದಷ್ಟು ಡೇಟಾ ಬಂದಿರುತ್ತದೆ. ಗಣಿತದವರು ಜೀವಕೋಶದ ಬಗ್ಗೆ ಒಂದು ಒಳ್ಳೆಯ ಪಠ್ಯ ಓದಬೇಕು. ಸ್ವಯಂ ಅನ್ನುವ ಸರ್ಕಾರಿ ಜಾಲತಾಣದ ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸ್‌ಗಳು ಕಲಿಯಲು ಉಚಿತ. ಇಂಗ್ಲಿಷ್ ಬಗ್ಗೆ ಹೆದರಿಕೆ ಇದ್ದವರು ವಾರಕ್ಕೆ ಒಂದು ಸಂಶೋಧನಾ ಲೇಖನದ ಮೊದಲ ಪುಟವನ್ನಾದರೂ ನಿಘಂಟು ಇಟ್ಟುಕೊಂಡು ಓದಿ, ಏನು ಅರ್ಥವಾಯಿತು ಅಂತ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ. ಕೆಲವು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

## ಎಂಎಸ್ಸಿ ಎಲ್ಲಿ?

ಎರಡು ಥರ ಇದೆ. ಒಂದು, ಮಾನಸಗಂಗೋತ್ರಿಯಂಥ ಕಡೆ ಪ್ರಾಣಿಶಾಸ್ತ್ರ, ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಮನಶ್ಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ಕೊನೆಯ ವರ್ಷದ ಪ್ರಾಜೆಕ್ಟನ್ನು ಮಿದುಳಿಗೆ ಸಂಬಂಧಿಸಿದ ವಿಷಯದಲ್ಲಿ ಮಾಡುವುದು. ಇನ್ನೊಂದು, ಹೆಸರಿನಲ್ಲೇ ಈ ವಿಷಯ ಇರುವ ಕೋರ್ಸ್ ಸೇರುವುದು. ಹೈದರಾಬಾದ್ ವಿಶ್ವವಿದ್ಯಾಲಯ, ಅಲಹಾಬಾದ್ ವಿಶ್ವವಿದ್ಯಾಲಯ, ಐಐಟಿ ಗಾಂಧಿನಗರದಲ್ಲಿ ಅರಿವಿನ ವಿಜ್ಞಾನಕ್ಕೆ (ಯೋಚನೆ, ನೆನಪು, ಗಮನ ಓದುವ ಕಾಗ್ನಿಟಿವ್ ಸೈನ್ಸ್) ಸೇರಿದ ಕೋರ್ಸ್‌ಗಳಿವೆ. ಹರಿಯಾಣದ ಮಾನೇಸರ್‌ನಲ್ಲಿ ಮಿದುಳಿಗೆಂದೇ ಇರುವ ರಾಷ್ಟ್ರೀಯ ಸಂಸ್ಥೆ ಎನ್‌ಬಿಆರ್‌ಸಿ ಇದೆ. ಐಐಎಸ್ಸಿ, ಎನ್‌ಸಿಬಿಎಸ್‌ನಲ್ಲಿ ಡಿಗ್ರಿ ಆದ ಮೇಲೆ ನೇರವಾಗಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೇರಬಹುದು, ಎಂಎಸ್ಸಿಯೂ ಪಿಎಚ್‌ಡಿಯೂ ಒಂದೇ ಕಡೆ ಆಗುತ್ತದೆ.

ಇಂಥ ಕಡೆಗಳಲ್ಲಿ ಮೊದಲ ವರ್ಷ ಒಂದೇ ಲ್ಯಾಬ್‌ಗೆ ಕಟ್ಟುಬೀಳಬೇಕಾಗಿಲ್ಲ. ಕೆಲವು ತಿಂಗಳು ಇಲ್ಲಿ, ಕೆಲವು ತಿಂಗಳು ಅಲ್ಲಿ ಅಂತ ಬೇರೆ ಬೇರೆ ಲ್ಯಾಬ್‌ಗಳಲ್ಲಿ ಕೆಲಸ ಮಾಡಿ ನೋಡುತ್ತಾರೆ. ಇದಕ್ಕೆ ರೊಟೇಷನ್ ಅನ್ನುತ್ತಾರೆ. ನೊಣ ಇಷ್ಟವೋ, ಇಲಿಯೋ, ಮನುಷ್ಯರ ಜೊತೆ ಕೆಲಸವೋ ಅಂತ ಗೊತ್ತಾಗುವುದು ಇಲ್ಲೇ.

## ನೆಟ್, ಗೇಟ್, ಜ್ಯಾಮ್: ಯಾವುದು ಯಾಕೆ?

ಡಿಗ್ರಿ ಆದವರಿಗೆ ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆ. ಐಐಟಿಗಳ ಎಂಎಸ್ಸಿಗೂ ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಅದೇ ದಾರಿ. ಎನ್‌ಸಿಬಿಎಸ್‌ಗೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ನಡೆಸುವ ಬೇರೆ ಪರೀಕ್ಷೆ ಇದೆ.

ಎಂಎಸ್ಸಿ ಆದವರಿಗೆ ಮುಖ್ಯವಾದುದು ಸಿಎಸ್‌ಐಆರ್–ಯುಜಿಸಿ ನೆಟ್ ಅನ್ನುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಜೀವವಿಜ್ಞಾನ ಪತ್ರಿಕೆ. ಒಟ್ಟು 200 ಅಂಕ. ಇದರಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಬಂದರೆ ಫೆಲೋಶಿಪ್ ನಿಮ್ಮ ಹೆಸರಿಗೇ ಸಿಗುತ್ತದೆ, ಅದನ್ನು ಹಿಡಿದುಕೊಂಡು ನಿಮಗೆ ಬೇಕಾದ ಸಂಸ್ಥೆಗೆ ಅರ್ಜಿ ಹಾಕಬಹುದು. ಎಂಜಿನಿಯರಿಂಗ್, ವಿಜ್ಞಾನದವರು ಬರೆಯುವ ಗೇಟ್ ಇದೆ; ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಡಿಬಿಟಿಯ ಜೆಆರ್‌ಎಫ್ ಪರೀಕ್ಷೆಗಳೂ ಇವೆ. ಬೆಂಗಳೂರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್ ತನ್ನ ಪಿಎಚ್‌ಡಿಗೆ ತಾನೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ನ್ಯೂರೋಫಿಸಿಯಾಲಜಿಯಂಥ (ನರಗಳು ಹೇಗೆ ಕೆಲಸ ಮಾಡುತ್ತವೆ ಅಂತ ಓದುವ) ವಿಭಾಗಗಳು ಅಲ್ಲಿ ಪ್ರತ್ಯೇಕವಾಗಿಯೇ ಇವೆ. ರಾಜ್ಯದ ಅರ್ಹತಾ ಪರೀಕ್ಷೆ ಕೆಸೆಟ್ ಪಾಸಾದರೆ ರಾಜ್ಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಅರ್ಹತೆ ಸಿಗುತ್ತದೆ, ಫೆಲೋಶಿಪ್ ಸಿಗುವುದಿಲ್ಲ. ಇದನ್ನು ತುಂಬಾ ಮಕ್ಕಳು ಕಲಸಿಕೊಳ್ಳುತ್ತಾರೆ.

ಜೆಆರ್‌ಎಫ್‌ಗೆ ವಯಸ್ಸಿನ ಮಿತಿ ಇದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಮತ್ತು ಮಹಿಳೆಯರಿಗೆ ಸಡಿಲಿಕೆ ಇದೆ. ಪ್ರತಿ ಸಲದ ಅಧಿಸೂಚನೆ ನೋಡಿಯೇ ಅರ್ಜಿ ಹಾಕಿ, ಸೀನಿಯರ್ ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ.

## ಪಿಎಚ್‌ಡಿಯಲ್ಲಿ ದಿನಾ ಏನು ಮಾಡುತ್ತಾರೆ?

ಪಿಎಚ್‌ಡಿ ಅಂದರೆ ದೊಡ್ಡ ಪರೀಕ್ಷೆ ಅಂತ ಮನೆಗಳಲ್ಲಿ ತಿಳಿದಿರುತ್ತಾರೆ. "ಇನ್ನೂ ಎಷ್ಟು ವರ್ಷ ಓದ್ತೀಯಪ್ಪಾ?" ಅಂತ ಕೇಳುವುದು ಅದಕ್ಕೇ. ಅಲ್ಲಿ ಓದುವುದಕ್ಕಿಂತ ಮಾಡುವುದು ಜಾಸ್ತಿ. ಇದುವರೆಗೆ ಯಾರಿಗೂ ಉತ್ತರ ಗೊತ್ತಿಲ್ಲದ ಒಂದು ಸಣ್ಣ ಪ್ರಶ್ನೆ ತೆಗೆದುಕೊಂಡು, ಒಬ್ಬ ಗೈಡ್ ಜೊತೆಯಲ್ಲಿ ವರ್ಷಗಟ್ಟಲೆ ಅದರ ಹಿಂದೆ ಬೀಳುವುದು.

ಮೊದಲು ಕೋರ್ಸ್‌ವರ್ಕ್, ಅಂದರೆ ತರಗತಿಯ ಪಾಠಗಳು ಇರುತ್ತವೆ. ಆಮೇಲೆ ಪ್ರಶ್ನೆ ಗೊತ್ತುಮಾಡಿಕೊಂಡು ಸಮಿತಿಯ ಮುಂದೆ ಒಪ್ಪಿಸಬೇಕು. ನಿಯಮದ ಪ್ರಕಾರ ಕಡಿಮೆ ಅಂದರೆ ಮೂರು ವರ್ಷ, ಹೆಚ್ಚು ಅಂದರೆ ಆರು. ಮಹಿಳೆಯರಿಗೆ ಇನ್ನೆರಡು ವರ್ಷ ಹೆಚ್ಚುವರಿ ಅವಕಾಶ ಇದೆ, 240 ದಿನಗಳವರೆಗೆ ಹೆರಿಗೆ ರಜೆಯೂ ಇದೆ. ಪ್ರಯೋಗ ಮಾಡುವ ವಿಷಯವಾದ್ದರಿಂದ ನರವಿಜ್ಞಾನದಲ್ಲಿ ಐದು, ಆರು ವರ್ಷ ಹಿಡಿಯುವುದೇ ಮಾಮೂಲು.

ದಿನದ ಕೆಲಸ ಪ್ರಶ್ನೆಯ ಮೇಲೆ ಹೋಗುತ್ತದೆ. ಒಂದೇ ನರಕೋಶದ ವಿದ್ಯುತ್ ಅಳೆಯುವವರು ಬೆಳಿಗ್ಗೆ ಗಾಜಿನ ನಳಿಕೆಯನ್ನು ಕಾಯಿಸಿ ಎಳೆದು, ಮೈಕ್ರೋಮೀಟರ್ ಲೆಕ್ಕದ ತುದಿ ಮಾಡಿಕೊಂಡು, ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಕೋಶದ ಗೋಡೆಗೆ ಅಂಟಿಸುತ್ತಾರೆ. ಪ್ಯಾಚ್ ಕ್ಲ್ಯಾಂಪ್ ಅನ್ನುವ ಈ ವಿಧಾನ ಕಂಡುಹಿಡಿದ ನೆಹೆರ್ ಮತ್ತು ಸಾಕ್ಮನ್‌ಗೆ 1991ರಲ್ಲಿ ನೊಬೆಲ್ ಬಂತು. ಕೈ ನಡುಗಿದರೆ ಕೋಶ ಸತ್ತಿತು. ಇಡೀ ದಿನ ಕೂತರೂ ಒಂದು ಒಳ್ಳೆಯ ರೆಕಾರ್ಡಿಂಗ್ ಬರದೇ ಇರಬಹುದು. ನೊಣದ ನೆನಪು ಓದುವವರು ಒಂದು ವಾಸನೆಯ ಜೊತೆ ಸಣ್ಣ ಶಾಕ್ ಕೊಟ್ಟು, ಆಮೇಲೆ ಎರಡು ಕವಲಿನ ಕೊಳವೆಗೆ ಬಿಟ್ಟು, ಎಷ್ಟು ನೊಣ ಆ ವಾಸನೆಯಿಂದ ದೂರ ಹೋದವು ಅಂತ ಎಣಿಸುತ್ತಾರೆ.

ಮನುಷ್ಯರ ಜೊತೆ ಕೆಲಸ ಮಾಡುವವರದು ಬೇರೆಯೇ ದಿನಚರಿ. ಇಇಜಿ ಅಂದರೆ ತಲೆಯ ಮೇಲೆ ವಿದ್ಯುದ್ವಾರಗಳ ಟೋಪಿ ಹಾಕಿ ಮಿದುಳಿನ ಅಲೆಗಳನ್ನು ದಾಖಲಿಸುವುದು. ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮೊದಲ ಸಲ ಮನುಷ್ಯನಲ್ಲಿ ಇದನ್ನು ಮಾಡಿದರು. ಭಾಗವಹಿಸುವವರಿಗೆ ಹಿಂದಿನ ದಿನವೇ ಫೋನ್ ಮಾಡಿ "ತಲೆ ಸ್ನಾನ ಮಾಡ್ಕೊಂಡು ಬನ್ನಿ, ಎಣ್ಣೆ ಹಚ್ಚಬೇಡಿ" ಅಂತ ಹೇಳಬೇಕಾಗುತ್ತದೆ, ಎಣ್ಣೆ ಇದ್ದರೆ ಸಿಗ್ನಲ್ ಸರಿಯಾಗಿ ಬರುವುದಿಲ್ಲ. ಅವರು ಬಂದ ಮೇಲೆ ಯಾಕೆ, ಏನು ಅಂತ ಅವರ ಭಾಷೆಯಲ್ಲೇ ಬಿಡಿಸಿ ಹೇಳಿ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಬೇಕು. ನಡುವೆ ಬೇಡ ಅನ್ನಿಸಿದರೆ ಎದ್ದು ಹೋಗುವ ಹಕ್ಕು ಅವರಿಗಿದೆ. ಇಲಿಗಳ ಮೇಲಿನ ಪ್ರಯೋಗಕ್ಕೂ ಮನುಷ್ಯರ ಮೇಲಿನ ಅಧ್ಯಯನಕ್ಕೂ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಮೊದಲೇ ಬೇಕು. ಅದು ಬರಲು ತಿಂಗಳುಗಳೇ ಹಿಡಿಯಬಹುದು.

ಕನ್ನಡ ಬಲ್ಲವರಿಗೆ ಈ ಕೆಲಸದಲ್ಲಿ ನಿಜವಾದ ಜಾಗ ಇದೆ ಅಂತ ನಾನು ಒತ್ತಿ ಹೇಳುತ್ತೇನೆ. ಐಐಎಸ್ಸಿ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ವಯಸ್ಸಾಗುತ್ತಾ ಹೋದಂತೆ ಮಿದುಳು ಹೇಗೆ ಬದಲಾಗುತ್ತದೆ ಅಂತ ವರ್ಷಗಟ್ಟಲೆ ಅಧ್ಯಯನ ನಡೆಸುತ್ತಿದೆ. ನೆನಪಿನ ಪರೀಕ್ಷೆಗಳು ಹುಟ್ಟಿದ್ದು ಇಂಗ್ಲಿಷ್ ಓದಿದವರನ್ನು ಮನಸ್ಸಿನಲ್ಲಿಟ್ಟುಕೊಂಡು. ಶಾಲೆಗೆ ಹೋಗದ ಅಜ್ಜಿಗೆ "ಗಡಿಯಾರದ ಚಿತ್ರ ಬರೆಯಿರಿ" ಅಂದರೆ ಬರೆಯಲಾಗದಿರುವುದಕ್ಕೆ ಮರೆವೇ ಕಾರಣವೋ, ಪೆನ್ಸಿಲ್ ಹಿಡಿದೇ ಅಭ್ಯಾಸ ಇಲ್ಲವೋ ಅಂತ ಹೇಗೆ ಹೇಳುವುದು? ಐಸಿಎಂಆರ್ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಿಗೆ ಇಂಥ ಪರೀಕ್ಷೆಗಳನ್ನು ರೂಪಿಸಿದೆ. ಪಾರ್ಶ್ವವಾಯುವಿನಿಂದ ಮಾತು ಹೋದವರು ಕನ್ನಡದಲ್ಲಿ ಎಲ್ಲಿ ತಡವರಿಸುತ್ತಾರೆ ಅನ್ನುವುದನ್ನು ಆಯಿಷ್‌ನಲ್ಲಿ ಓದುತ್ತಾರೆ. ವಿಭಕ್ತಿ, ಕ್ರಿಯಾಪದದ ಕೊನೆ ಇವೆಲ್ಲ ನಮ್ಮ ಭಾಷೆಯಲ್ಲಿ ಇಂಗ್ಲಿಷಿಗಿಂತ ಬೇರೆ ಥರ. ಹಾಗಾಗಿ ಇಂಗ್ಲಿಷಿನಲ್ಲಿ ಸಿಕ್ಕ ಉತ್ತರವನ್ನು ಹಾಗೇ ಇಲ್ಲಿಗೆ ತರಲು ಆಗುವುದಿಲ್ಲ. ಮಳವಳ್ಳಿಯ ಅಜ್ಜನ ಜೊತೆ ಅವರ ಮಾತಿನಲ್ಲೇ ಕೂತು ಮಾತಾಡಬಲ್ಲ ಸಂಶೋಧಕರು ಇನ್ನೂ ಬೇಕು.

ಕೊನೆಗೆ ಲೇಖನ ಪ್ರಕಟಿಸುವುದು, ಥೀಸಿಸ್ ಬರೆಯುವುದು, ಹೊರಗಿನ ಪರೀಕ್ಷಕರು ಓದಿ ಒಪ್ಪುವುದು, ಎಲ್ಲರೆದುರು ವೈವಾ ಅನ್ನುವ ಮೌಖಿಕ ಪರೀಕ್ಷೆ.

ಗೈಡ್ ಆಯ್ಕೆಗೆ ಸಂಸ್ಥೆಯ ಆಯ್ಕೆಯಷ್ಟೇ ಗಮನ ಕೊಡಿ. ಸೇರುವ ಮುಂಚೆ ಆ ಲ್ಯಾಬಿನಲ್ಲಿ ಈಗ ಇರುವವರ ಜೊತೆಯೂ, ಮುಗಿಸಿ ಹೋದವರ ಜೊತೆಯೂ ಮಾತಾಡಿ. ಎಷ್ಟು ವರ್ಷಕ್ಕೆ ಮುಗಿಯಿತು, ರಜೆ ಕೊಡುತ್ತಾರಾ, ಪ್ರಯೋಗ ಕೈಕೊಟ್ಟಾಗ ಹೇಗೆ ನಡೆದುಕೊಳ್ಳುತ್ತಾರೆ ಅಂತ ನೇರವಾಗಿ ಕೇಳಿ. ಒಳ್ಳೆಯ ಗೈಡ್‌ಗಳು ಇದನ್ನು ತಪ್ಪು ತಿಳಿಯುವುದಿಲ್ಲ.

## ದುಡ್ಡಿನ ವಿಷಯ

ಎಂಎಸ್ಸಿವರೆಗೆ ಹೆಚ್ಚಾಗಿ ಮನೆಯವರದೇ ಖರ್ಚು. ಪಿಎಚ್‌ಡಿಯಲ್ಲಿ ಫೆಲೋಶಿಪ್ ಇದ್ದವರಿಗೆ ಸರ್ಕಾರವೇ ತಿಂಗಳು ತಿಂಗಳು ಕೊಡುತ್ತದೆ. 2023ರ ಜನವರಿಯಿಂದ ಜಾರಿಯಾದ ದರದಂತೆ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಪರಿಶೀಲನೆ ಆಗಿ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋಶಿಪ್) ಆದರೆ 42,000. ಹಾಸ್ಟೆಲ್ ಇಲ್ಲದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ. ಜೆಆರ್‌ಎಫ್, ಎಸ್‌ಆರ್‌ಎಫ್ ಎರಡೂ ಸೇರಿ ಐದು ವರ್ಷ. ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ, ಹಾಗಾಗಿ ಶುರುವಿನಲ್ಲಿ ಸ್ವಲ್ಪ ಉಳಿತಾಯ ಇಟ್ಟುಕೊಂಡೇ ಹೋಗಬೇಕು. ಫೆಲೋಶಿಪ್ ಇಲ್ಲದೆ ಸ್ವಂತ ಖರ್ಚಿನಲ್ಲಿ ಪೂರ್ಣಾವಧಿ ಪಿಎಚ್‌ಡಿಗೆ ಇಳಿಯುವ ಮುಂಚೆ ಹತ್ತು ಸಲ ಯೋಚಿಸಿ.

ವಿದೇಶದಲ್ಲಾದರೆ, ಅಮೆರಿಕದಲ್ಲಿ ಎಂಎಸ್ಸಿ ಇಲ್ಲದೆಯೂ ಪಿಎಚ್‌ಡಿಗೆ ಸೇರಬಹುದು, ಐದಾರು ವರ್ಷ, ಫೀಸು ಮತ್ತು ಜೀವನ ಖರ್ಚು ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಆದರೆ ಮೂರು ವರ್ಷದ ಡಿಗ್ರಿಯನ್ನು ಕೆಲವು ಕಡೆ ಒಪ್ಪುವುದಿಲ್ಲ. ಯುರೋಪಿನಲ್ಲಿ ಹೆಚ್ಚಾಗಿ ಎಂಎಸ್ಸಿ ಕೇಳುತ್ತಾರೆ, ಮೂರ್ನಾಲ್ಕು ವರ್ಷಕ್ಕೆ ಮುಗಿಯುತ್ತದೆ.

## ಮುಗಿದ ಮೇಲೆ?

ಪ್ರೊಫೆಸರ್ ಆಗಬೇಕಾದರೆ ಸಾಮಾನ್ಯವಾಗಿ ಪೋಸ್ಟ್‌ಡಾಕ್ ಅನ್ನುವ ಇನ್ನೊಂದು ಹಂತ ಇದೆ, ಕೆಲವು ವರ್ಷ ಬೇರೆ ಲ್ಯಾಬಿನಲ್ಲಿ ಸಂಬಳಕ್ಕೆ ಸಂಶೋಧನೆ. ಆಮೇಲೂ ಕಾಯಂ ಕೆಲಸಗಳು ಕಡಿಮೆ, ಬೇಕು ಅನ್ನುವವರು ಜಾಸ್ತಿ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದು ನನಗೆ ಸರಿ ಕಾಣುವುದಿಲ್ಲ. ಪಿಎಚ್‌ಡಿ ಮಾಡಿದವರು ಔಷಧ ಕಂಪನಿಗಳ ಸಂಶೋಧನಾ ವಿಭಾಗ, ವೈದ್ಯಕೀಯ ಉಪಕರಣ ತಯಾರಿಕೆ, ಡೇಟಾ ವಿಶ್ಲೇಷಣೆಗೂ ಹೋಗುತ್ತಾರೆ. ಪ್ರೋಗ್ರಾಮಿಂಗ್ ಕಲಿತಿರಿ ಅಂತ ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

## ಈಗ ಮೊದಲ ವರ್ಷದ ಡಿಗ್ರಿಯಲ್ಲಿರುವವರು ಏನು ಮಾಡಬಹುದು?

2014ರಲ್ಲಿ ಯುಜಿಸಿ ಪ್ರಾಣಿಶಾಸ್ತ್ರದ ಡಿಸೆಕ್ಷನ್ ನಿಲ್ಲಿಸಿದ ಮೇಲೆ ಡಿಗ್ರಿ ಮಕ್ಕಳಿಗೆ ನಿಜವಾದ ಮಿದುಳು ನೋಡುವ ಅವಕಾಶ ಕಡಿಮೆಯಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಸಂಗ್ರಹಾಲಯ ಇದೆ, ಸಾರ್ವಜನಿಕರೂ ನೋಡಬಹುದು. ದಿನ, ಸಮಯ ಮೊದಲೇ ವಿಚಾರಿಸಿಕೊಂಡು ಬೆಳಗಿನ ರೈಲು ಹತ್ತಿದರೆ ಸಂಜೆಗೆ ಮೈಸೂರಿಗೆ ವಾಪಸ್.

ಬೇಸಿಗೆ ರಜೆಗೆ ದೇಶದ ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಮ್ಮರ್ ಫೆಲೋಶಿಪ್‌ಗೆ ಅರ್ಜಿ ಹಾಕಿ. ಆಯ್ಕೆಯಾದವರು ಸುಮಾರು ಎರಡು ತಿಂಗಳು ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ, ಖರ್ಚಿಗೂ ಕೊಡುತ್ತಾರೆ. ಬೇಸಿಗೆಯದಾದರೂ ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ, ಏಪ್ರಿಲ್‌ನಲ್ಲಿ ಹುಡುಕಿದರೆ ತಡವಾಗಿರುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದ ಫೆಲೋಶಿಪ್ ಕೂಡ ಇದೇ ಥರ.

ನೇರವಾಗಿ ಒಬ್ಬ ವಿಜ್ಞಾನಿಗೆ ಮೇಲ್ ಬರೆದೂ ಕೇಳಬಹುದು. "ರೆಸ್ಪೆಕ್ಟೆಡ್ ಸರ್ ಆರ್ ಮೇಡಂ" ಅಂತ ಐವತ್ತು ಜನಕ್ಕೆ ಒಂದೇ ಮೇಲ್ ಕಳಿಸಿದರೆ ಯಾರೂ ಓದುವುದಿಲ್ಲ. ಅವರ ಒಂದು ಲೇಖನ ಓದಿ. ಹೆಸರು ಹಿಡಿದು ಬರೆಯಿರಿ. ಆ ಲೇಖನದಲ್ಲಿ ನಿಮಗೆ ಅರ್ಥವಾಗದ ಒಂದು ಪ್ರಶ್ನೆ ಕೇಳಿ, ನಿಮಗೆ ಏನು ಬರುತ್ತದೆ, ಯಾವ ತಿಂಗಳು ಬಿಡುವಿದೆ ಅಂತ ನಾಲ್ಕೈದು ಸಾಲಿನಲ್ಲಿ ಹೇಳಿ, ಅಂಕಪಟ್ಟಿ ಲಗತ್ತಿಸಿ. ಎರಡು ವಾರ ನೋಡಿ, ಉತ್ತರ ಬರದಿದ್ದರೆ ಒಂದೇ ಒಂದು ಸಲ ನೆನಪಿಸಿ. ಅದಕ್ಕೂ ಬರದಿದ್ದರೆ ಮುಂದಿನ ಲ್ಯಾಬಿನ ಲೇಖನ ಓದಲು ಶುರು ಮಾಡಿ.